ಔಟ್‌ಬಾಕ್ಸಿನಲ್ಲಿ ಉಳಿದ ಲೇಖನ

ವಾರ್ಷಿಕ ಸಂಚಿಕೆಗೆ ಲೇಖನ ಕೊಡಲಿಲ್ಲವೆಂದು ಪುಣೆಯ ಹಿರಿಯ ಸದಸ್ಯರೊಬ್ಬರ ಮೇಲೆ ನಾವು ಮುನಿಸಿಕೊಂಡಿದ್ದೆವು. ಕಳಿಸಿ ತಿಂಗಳಾದರೂ ಒಂದು ಮಾತಿಲ್ಲವೆಂದು ಅವರು ನೊಂದುಕೊಂಡಿದ್ದರು. ಮನೆಗೆ ಹೋಗಿ ನೋಡಿದರೆ ಲೇಖನ ಅವರ ಕಂಪ್ಯೂಟರಿನ ಔಟ್‌ಬಾಕ್ಸಿನಲ್ಲೇ ಕುಳಿತಿತ್ತು.

ಬರುವ ಪತ್ರಗಳು ಬರುತ್ತಿದ್ದುದರಿಂದ ಹೋಗುವುವೂ ಹೋಗುತ್ತಿವೆಯೆಂದು ಅವರು ನಂಬಿದ್ದು ಸಹಜ. ಆದರೆ ಇಮೇಲಿನಲ್ಲಿ ಪಡೆಯುವ ವ್ಯವಸ್ಥೆ ಬೇರೆ, ಕಳಿಸುವ ವ್ಯವಸ್ಥೆ ಬೇರೆ. ಅವರು ಆಗಷ್ಟೇ ಇಂಟರ್‌ನೆಟ್ ಸಂಪರ್ಕ ಬದಲಿಸಿದ್ದರು. ಹಳೆಯ ಸೆಟ್ಟಿಂಗಿನಲ್ಲಿ ಪೋರ್ಟ್ 25 ಹಾಗೆಯೇ ಉಳಿದಿತ್ತು. ಸ್ಪ್ಯಾಮ್ ಹಾವಳಿ ತಡೆಯಲು ಅನೇಕ ಇಂಟರ್‌ನೆಟ್ ಕಂಪನಿಗಳು ಆ ಬಾಗಿಲನ್ನು ಮುಚ್ಚಿಬಿಡುತ್ತವೆ. ಅದನ್ನು 587 ಮಾಡಿ, ಕಳಿಸುವಾಗಲೂ ಪಾಸ್‌ವರ್ಡ್ ಒಪ್ಪಿಸುವಂತೆ ಗುರುತು ಹಾಕಿದೆವು. ಪತ್ರ ಹೊರಟಿತು.

ವಯಸ್ಸಾದವರಿಗೆ ಕಂಪ್ಯೂಟರ್ ಒಗ್ಗದೆಂಬ ನಮ್ಮ ಹಗುರ ಮಾತು ಇಲ್ಲಿ ಸಲ್ಲದು. ದೋಷದ ಸೂಚನೆ ಇಂಗ್ಲಿಷಿನಲ್ಲಿ, ಅಂಕಿಗಳ ಜೊತೆ ಮೂಡುತ್ತಿತ್ತು; ಅದು ನಮ್ಮಲ್ಲಾದರೂ ಎಷ್ಟು ಮಂದಿಗೆ ಅರ್ಥವಾದೀತು? ತಪ್ಪು ನಮ್ಮದೇ. ಬಂದ ಲೇಖನಕ್ಕೆಲ್ಲ ‘ತಲುಪಿದೆ’ ಎಂದು ಒಂದು ಸಾಲು ಬರೆಯುವ ರೂಢಿ ನಮ್ಮಲ್ಲಿದ್ದಿದ್ದರೆ, ಅದು ಬಾರದ ಮೂರನೆಯ ದಿನವೇ ಅವರು ಫೋನು ಮಾಡುತ್ತಿದ್ದರು. ಇನ್ನು ಮುಂದೆ ಆ ಸಾಲನ್ನು ಬರೆಯುವುದು ಸಂಪಾದಕರ ಕರ್ತವ್ಯವಾಗಬೇಕೆಂದು ನಮ್ಮ ಅಭಿಮತ. ಅವರ ಲೇಖನವಂತೂ ಬರುವ ವರ್ಷದ ಸಂಚಿಕೆಗೆ ಕಾಯಬೇಕಾಗಿದೆ.