ಹಳೆಯ ಗುಮಾಸ್ತ, ಹೊಸ ರಾಕೆಟ್ಟು

ದಕ್ಷಿಣ ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ಫ್ರೆಂಚರ ಆಡಳಿತಕ್ಕೆ ಸೇರಿದ ಗಯಾನಾ ಎಂಬ ಪ್ರಾಂತವೊಂದಿದೆ. ಅಲ್ಲಿನ ಕೂರೂ ಎಂಬ ಊರಿನ ಉಡಾವಣಾ ಕೇಂದ್ರದಿಂದ ೧೯೯೬ನೆಯ ಇಸವಿ ಜೂನ್ ೪ರ ಬೆಳಗ್ಗೆ ೯ ಗಂಟೆ ೩೩ ನಿಮಿಷಕ್ಕೆ ಯೂರೋಪಿನ ಹೊಸ ರಾಕೆಟ್ಟಾದ ಏರಿಯಾನ್-೫ ಮೊದಲ ಬಾರಿಗೆ ನೆಲ ಬಿಟ್ಟು ಮೇಲೆದ್ದಿತು. ಸುಮಾರು ೩೬ ಸೆಕೆಂಡುಗಳ ತನಕ ಎಲ್ಲವೂ ಸರಿಯಾಗಿಯೇ ಇತ್ತು. ಅನಂತರ, ನೆಲದಿಂದ ೩,೭೦೦ ಮೀಟರುಗಳಷ್ಟು ಎತ್ತರದಲ್ಲಿ, ಯಾರೋ ಕಿವಿ ಹಿಡಿದು ತಿರುಗಿಸಿದಂತೆ ರಾಕೆಟ್ಟು ಥಟ್ಟನೆ ಒಂದು ಪಕ್ಕಕ್ಕೆ ವಾಲಿತು. ಎದುರು ಗಾಳಿಯ ಒತ್ತಡಕ್ಕೆ ಅದರ ಮೈ ಮುರಿಯತೊಡಗಿತು. ಅಂಥ ಸಂದರ್ಭಕ್ಕೆಂದೇ ಇರಿಸಿದ್ದ ಸ್ವಯಂನಾಶದ ಏರ್ಪಾಡು ತನ್ನ ಕರ್ತವ್ಯವನ್ನು ಮಾಡಿತು. ರಾಕೆಟ್ಟಿನ ತಲೆಯಲ್ಲಿ ನಾಲ್ಕು ಉಪಗ್ರಹಗಳಿದ್ದವು. ಸೂರ್ಯನಿಂದ ಬೀಸಿ ಬರುವ ಕಣಗಳ ಗಾಳಿಗೂ ಭೂಮಿಯ ಕಾಂತವಲಯಕ್ಕೂ ನಡೆಯುವ ತಿಕ್ಕಾಟವನ್ನು ನಾಲ್ಕು ನೆಲೆಗಳಿಂದ ಒಮ್ಮೆಗೇ ನೋಡಬೇಕೆಂದು ‘ಕ್ಲಸ್ಟರ್’ ಎಂಬ ಹೆಸರಿನಲ್ಲಿ ಅವನ್ನು ರಚಿಸಿದ್ದರು. ವಿಜ್ಞಾನಿಗಳು ವರ್ಷಗಟ್ಟಲೆ ಪಟ್ಟ ಶ್ರಮ ಒಂದು ನಿಮಿಷ ತುಂಬುವಷ್ಟರಲ್ಲಿ ಚೂರುಚೂರಾಗಿ ಕೂರೂವಿನ ಜೌಗುನೆಲಕ್ಕೆ ಬಿತ್ತು.

ಎಂಜಿನ್ನು ಕೆಟ್ಟಿರಲಿಲ್ಲ, ಇಂಧನವೂ ಸೋರಿರಲಿಲ್ಲ. ತಪ್ಪಿದ್ದು ಒಂದು ಲೆಕ್ಕ; ಅದೂ ಆ ಹೊತ್ತಿನಲ್ಲಿ ಯಾರಿಗೂ ಬೇಕಿಲ್ಲದ ಲೆಕ್ಕ!

ಗಣಕಯಂತ್ರವೆಂದೊಡನೆ ಮೇಜಿನ ಮೇಲಿನ ಪರದೆಯೂ ಕೀಲಿಮಣೆಯೂ ಕಣ್ಣ ಮುಂದೆ ಬರುವುದು ಸಹಜ. ಆದರೆ ಲೋಕದಲ್ಲಿರುವ ಗಣಕಗಳಲ್ಲಿ ಬಹುಪಾಲು ಹೊರಗೆ ಕಾಣಿಸಿಕೊಳ್ಳುವುದೇ ಇಲ್ಲ. ಬಟ್ಟೆ ಒಗೆಯುವ ಯಂತ್ರದಲ್ಲಿ, ಲಿಫ್ಟಿನಲ್ಲಿ, ಕಾರಿನ ಬ್ರೇಕಿನಲ್ಲಿ, ವಿಮಾನದ ಹೊಟ್ಟೆಯಲ್ಲಿ ಅವು ಅಡಗಿ ಕುಳಿತಿರುತ್ತವೆ. ಇವುಗಳ ಪೈಕಿ ಬ್ರೇಕಿನಂಥ ಕೆಲಸಕ್ಕೆ ನಿಂತವುಗಳಿಗೆ ಉತ್ತರ ಸರಿಯಾಗಿದ್ದರೆ ಸಾಲದು. ಅದು ಹೊತ್ತಿಗೆ ಸರಿಯಾಗಿ ಒದಗಬೇಕು. ಕಾರು ಗೋಡೆಗೆ ಬಡಿದ ಮೇಲೆ ಬ್ರೇಕಿನ ಲೆಕ್ಕ ಸರಿಬಂದರೆ ಪ್ರಯೋಜನವೇನು? ಇಂಥ ಗಣಕಗಳನ್ನು ನಡೆಸುವ ತಂತ್ರಾಂಶವನ್ನು ಪ್ರತಿಸಲವೂ ಹೊಸದಾಗಿ ಬರೆದು ಪರೀಕ್ಷಿಸುವುದು ಬಹಳ ದುಬಾರಿ. ಆದುದರಿಂದ ಒಂದು ಕಡೆ ಚೆನ್ನಾಗಿ ದುಡಿದ ತಂತ್ರಾಂಶವನ್ನು ಇನ್ನೊಂದು ಕಡೆಗೆ ಕೂಡಿಸುವುದು ವಾಡಿಕೆ. ಹಳೆಯ ಮನೆಯನ್ನು ಕೆಡವಿದಾಗ ಅಜ್ಜನ ಕಾಲದ ತೇಗದ ಬಾಗಿಲನ್ನು ಹೊಸ ಮನೆಗೆ ಇರಿಸಿಕೊಳ್ಳುವುದಿಲ್ಲವೆ? ಹೊಸ ಚೌಕಟ್ಟಿನ ಅಳತೆ ನೋಡಿಕೊಂಡರೆ ಅದರಲ್ಲಿ ತಪ್ಪೇನೂ ಇಲ್ಲ.

ಏರಿಯಾನ್-೫ಕ್ಕೆ ಹೀಗೆ ಹಳೆಯ ಮನೆಯಿಂದ, ಅಂದರೆ ಏರಿಯಾನ್-೪ರಿಂದ, ಬಂದದ್ದು ರಾಕೆಟ್ಟು ಯಾವ ಕಡೆಗೆ ಮುಖ ಮಾಡಿದೆ, ಯಾವ ವೇಗದಲ್ಲಿ ಹೋಗುತ್ತಿದೆ ಎಂಬುದನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ಮುಖ್ಯ ಗಣಕಕ್ಕೆ ತಿಳಿಸುವ ಘಟಕದ ತಂತ್ರಾಂಶ. ಅದನ್ನು ನಂಬಿಗಸ್ತನಾದ ಹಳೆಯ ಗುಮಾಸ್ತನೆಂದು ಭಾವಿಸಬಹುದು. ಈ ಗುಮಾಸ್ತನ ಲೆಕ್ಕದ ಪುಸ್ತಕದಲ್ಲಿ ಕೆಲವು ಅಂಕಣಗಳು ಬಹಳ ಕಿರಿದು. ೩೨,೭೬೭ಕ್ಕಿಂತ ದೊಡ್ಡ ಸಂಖ್ಯೆ ಅವುಗಳಲ್ಲಿ ಹಿಡಿಸದು. ಹೀಗೆ ಕಿರಿದಾದ ಅಂಕಣಕ್ಕೆ ಇಳಿಸಬೇಕಾಗಿದ್ದ ಸಂಖ್ಯೆಗಳು ಏಳು. ಅವುಗಳಲ್ಲಿ ನಾಲ್ಕಕ್ಕೆ, ಸಂಖ್ಯೆ ಮಿತಿ ಮೀರಿದರೆ ಏನು ಮಾಡಬೇಕೆಂಬ ರಕ್ಷಣೆಯನ್ನು ಒದಗಿಸಿದ್ದರು. ಉಳಿದ ಮೂರಕ್ಕೆ ಒದಗಿಸಲಿಲ್ಲ.

ಇದನ್ನು ಅಜಾಗರೂಕತೆಯೆಂದು ಹಳಿಯುವುದು ಅನ್ಯಾಯವಾದೀತು. ಪ್ರತಿಯೊಂದು ರಕ್ಷಣೆಯೂ ಗಣಕದ ಸಮಯವನ್ನು ತಿನ್ನುತ್ತದೆ. ಆ ಗಣಕ ತನ್ನ ಶಕ್ತಿಯ ನೂರಕ್ಕೆ ೮೦ ಪಾಲಿಗಿಂತ ಹೆಚ್ಚು ದುಡಿಯಕೂಡದೆಂಬ ಗುರಿಯಿತ್ತು. ಏರಿಯಾನ್-೪ರ ಹಾರಾಟದಲ್ಲಿ ಆ ಮೂರು ಸಂಖ್ಯೆಗಳು ಮಿತಿಯ ಹತ್ತಿರವೂ ಸುಳಿಯವೆಂದು ತರ್ಕಿಸಿಯೇ ಅವನ್ನು ಬಿಟ್ಟಿದ್ದರು. ಆ ರಾಕೆಟ್ಟಿನ ಮಟ್ಟಿಗೆ ಅದು ಸರಿಯಾದ ತರ್ಕ. ಆದರೆ ಹಾಗೆ ಬಿಟ್ಟ ಕಾರಣವನ್ನು ತಂತ್ರಾಂಶದ ಸಾಲುಗಳ ಪಕ್ಕದಲ್ಲಿ ಯಾರೂ ಬರೆದಿಡಲಿಲ್ಲ. ಗುಮಾಸ್ತ ಹೊಸ ಕಚೇರಿಗೆ ವರ್ಗವಾಗಿ ಬಂದ. ‘ಈತನ ಪುಸ್ತಕದಲ್ಲಿ ದೊಡ್ಡ ಸಂಖ್ಯೆಗೆ ಜಾಗವಿಲ್ಲ’ ಎಂಬ ಮಾತು ಅವನ ಜೊತೆಯಲ್ಲಿ ಬರಲಿಲ್ಲ.

ಏರಿಯಾನ್-೫ರ ದಾರಿಯೇ ಬೇರೆ. ಮೊದಲ ಸೆಕೆಂಡುಗಳಲ್ಲಿ ಅದರ ಅಡ್ಡವೇಗ ಹಳೆಯ ರಾಕೆಟ್ಟಿನದಕ್ಕಿಂತ ಐದು ಪಟ್ಟು ಬೇಗನೆ ಏರುತ್ತದೆ. ಆ ವೇಗಕ್ಕೆ ಸಂಬಂಧಿಸಿದ ಸಂಖ್ಯೆಯೇ ರಕ್ಷಣೆಯಿಲ್ಲದ ಮೂರರಲ್ಲಿ ಒಂದು. ಅದು ಅಂಕಣದಲ್ಲಿ ಹಿಡಿಸಲಿಲ್ಲ. ತಪ್ಪು ಕಂಡರೆ ಪುಸ್ತಕ ಮುಚ್ಚಿ ಕೆಲಸ ನಿಲ್ಲಿಸಬೇಕೆಂದು ಗುಮಾಸ್ತನಿಗೆ ಅಪ್ಪಣೆಯಾಗಿತ್ತು. ಯಂತ್ರ ಕೆಟ್ಟರೆ ಜೊತೆಗಿರುವ ಎರಡನೆಯ ಘಟಕ ನೋಡಿಕೊಳ್ಳುತ್ತದೆ ಎಂಬ ಭರವಸೆ. ಆದರೆ ಎರಡನೆಯದರಲ್ಲಿಯೂ ಇದ್ದದ್ದು ಅದೇ ತಂತ್ರಾಂಶ. ಅದು ಅದೇ ಕಾರಣಕ್ಕೆ ಒಂದು ಕ್ಷಣ ಮೊದಲೇ ಕಣ್ಣು ಮುಚ್ಚಿತ್ತು. ನಿಲ್ಲುವ ಮುನ್ನ ಗುಮಾಸ್ತ ‘ಇಂಥಲ್ಲಿ ತಪ್ಪಾಯಿತು’ ಎಂದು ಒಂದು ಚೀಟಿ ಬರೆದು ಕಳಿಸಿದ. ಮುಖ್ಯ ಗಣಕ ಆ ಚೀಟಿಯನ್ನೇ ಲೆಕ್ಕವೆಂದು ಓದಿತು! ರಾಕೆಟ್ಟು ದಾರಿ ಬಿಟ್ಟಿದೆಯೆಂದು ಬಗೆದು, ಬಿಡದಿದ್ದ ದಾರಿಗೆ ಅದನ್ನು ತರಲು ಬೆಂಕಿಯುಗುಳುವ ಕೊಳವೆಗಳನ್ನು ಪೂರ್ತಿ ತಿರುಗಿಸಿಬಿಟ್ಟಿತು.

ಆ ಲೆಕ್ಕ ಯಾತಕ್ಕೆ ಬೇಕಾಗಿತ್ತು ಎಂದು ಕೇಳಿದರೆ ಇನ್ನೂ ಬೇಸರವಾಗುತ್ತದೆ. ಹಾರುವ ಮೊದಲು ಘಟಕವನ್ನು ಭೂಮಿಗೆ ಸರಿಯಾಗಿ ಮಟ್ಟ ಮಾಡಿಕೊಳ್ಳುವ ಕೆಲಸ ಅದು. ರಾಕೆಟ್ಟು ನೆಲ ಬಿಟ್ಟ ಮೇಲೆ ಅದಕ್ಕೆ ಅರ್ಥವೇ ಇಲ್ಲ. ಆದರೆ ಹಳೆಯ ರಾಕೆಟ್ಟುಗಳಲ್ಲಿ, ಹಾರಲು ಕೆಲವೇ ಸೆಕೆಂಡುಗಳಿರುವಾಗ ಉಡಾವಣೆಯನ್ನು ತಡೆದು ನಿಲ್ಲಿಸಿದರೆ, ಮಟ್ಟ ಮಾಡುವ ಕೆಲಸವನ್ನು ಪುನಃ ಮೊದಲಿನಿಂದ ಆರಂಭಿಸಲು ೪೫ ನಿಮಿಷಗಳಾದರೂ ಹಿಡಿಯುತ್ತಿತ್ತು. ಅದನ್ನು ತಪ್ಪಿಸಲು, ನೆಲ ಬಿಟ್ಟ ಮೇಲೂ ಸುಮಾರು ೪೦ ಸೆಕೆಂಡುಗಳ ಕಾಲ ಆ ಲೆಕ್ಕ ನಡೆಯುತ್ತಲೇ ಇರುವಂತೆ ಮಾಡಿದ್ದರು. ಈ ಅನುಕೂಲ ಉಪಯೋಗಕ್ಕೆ ಬಂದದ್ದು ಒಂದೇ ಒಂದು ಸಲ, ೧೯೮೯ರಲ್ಲಿ. ಏರಿಯಾನ್-೫ಕ್ಕೆ ಅದು ಬೇಕೇ ಇರಲಿಲ್ಲ. ಚೆನ್ನಾಗಿ ನಡೆಯುತ್ತಿರುವುದನ್ನು ಮುಟ್ಟುವುದೇಕೆ ಎಂದು ಹಾಗೆಯೇ ಬಿಟ್ಟಿದ್ದರು.

ವಿಚಾರಣಾ ಮಂಡಲಿಯ ಅಧ್ಯಕ್ಷರಾಗಿದ್ದವರು ಫ್ರೆಂಚ್ ಗಣಿತಜ್ಞ ಜಾಕ್ ಲೂಯಿ ಲಿಯಾನ್ಸ್. ಬೆಂಗಳೂರಿನ ಗಣಿತಜ್ಞರಿಗೆ ಅವರು ಅಪರಿಚಿತರಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರ ಅನ್ವಯಿಕ ಗಣಿತದ ಅಧ್ಯಯನ ಇಲ್ಲಿ ಬೇರೂರಲು ನೆರವಾದವರು ಅವರು. ೧೯೯೬ರ ಜುಲೈ ೧೯ರಂದು ಹೊರಬಂದ ಆ ಮಂಡಲಿಯ ವರದಿ ಮರೆಮಾಚದೆ ಮಾತನಾಡುತ್ತದೆ. ಘಟಕಕ್ಕೆ ಕೊಟ್ಟ ನಿರ್ದೇಶನಗಳಲ್ಲಿ ಏರಿಯಾನ್-೫ರ ಹಾರಾಟದ ಅಂಕಿಗಳೇ ಸೇರಿರಲಿಲ್ಲ. ನೆಲದ ಮೇಲೆ ನಡೆದ ಕೃತಕ ಹಾರಾಟದ ಪರೀಕ್ಷೆಗಳಲ್ಲಿ ನಿಜವಾದ ಘಟಕವನ್ನು ಕೂಡಿಸಿರಲಿಲ್ಲ; ಅದು ಆಗಲೇ ತೇರ್ಗಡೆಯಾದದ್ದಷ್ಟೆ! ಅಪಘಾತವಾದ ಮೇಲೆ ಹೊಸ ದಾರಿಯ ಅಂಕಿಗಳನ್ನು ಕೊಟ್ಟು ನೋಡಿದಾಗ, ತಂತ್ರಾಂಶ ಆಕಾಶದಲ್ಲಿ ನಿಂತಂತೆಯೇ ಪರೀಕ್ಷಾಗೃಹದಲ್ಲಿಯೂ ನಿಂತಿತು. ನೆಲ ಬಿಟ್ಟೊಡನೆ ಆ ಲೆಕ್ಕವನ್ನು ನಿಲ್ಲಿಸಬೇಕು, ಹಾರಾಟಕ್ಕೆ ಬೇಕಿಲ್ಲದ ಯಾವ ತಂತ್ರಾಂಶವೂ ಹಾರಾಟದಲ್ಲಿ ನಡೆಯಕೂಡದು ಎಂಬುದು ಮಂಡಲಿಯ ಮೊದಲ ಸಲಹೆ.

ಎಷ್ಟು ದೊಡ್ಡ ಸಂಖ್ಯೆಯ ತನಕ ಈ ತಂತ್ರಾಂಶ ಸರಿ, ಹೆಚ್ಚೆಂದರೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ, ತಪ್ಪಿದರೆ ಏನು ಮಾಡುತ್ತದೆ ಎಂಬ ಕರಾರುಪತ್ರ ಅದರ ಜೊತೆಯಲ್ಲೇ ಸಾಗಬೇಕೆಂಬುದನ್ನು ಈಗ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕಲಿಸುವಾಗ ಈ ಕಥೆಯನ್ನೇ ಹೇಳುತ್ತಾರೆ.

ಏರಿಯಾನ್-೫ ಆಮೇಲೆ ಚೇತರಿಸಿಕೊಂಡಿತು. ೨೦೦೦ದ ಮಾರ್ಚ್ ೨೨ರಂದು ನಮ್ಮ ಇನ್ಸಾಟ್-೩ಬಿಯನ್ನು ಮೇಲಕ್ಕೆ ಒಯ್ದದ್ದು ಅದೇ ಜಾತಿಯ ರಾಕೆಟ್ಟು. ಹಾಸನದ ನಿಯಂತ್ರಣ ಕೇಂದ್ರದವರು ಆ ಉಪಗ್ರಹದ ಸೂತ್ರವನ್ನು ಕೈಗೆ ತೆಗೆದುಕೊಂಡರು. ೨೦೨೩ರ ಜುಲೈಯಲ್ಲಿ ಏರಿಯಾನ್-೫ ಕೊನೆಯ ಸಲ ಹಾರಿತು. ಕ್ಲಸ್ಟರಿನ ವಿಜ್ಞಾನಿಗಳೂ ಕೈಕಟ್ಟಿ ಕೂರಲಿಲ್ಲ. ಉಳಿದಿದ್ದ ಬಿಡಿಭಾಗಗಳನ್ನು ಕೂಡಿಸಿ ಒಂದು ಉಪಗ್ರಹವನ್ನು ಕಟ್ಟಿ ಅದಕ್ಕೆ ‘ಫೀನಿಕ್ಸ್’ ಎಂದು ಹೆಸರಿಟ್ಟರು. ಆಮೇಲೆ ಇನ್ನು ಮೂರನ್ನು ಹೊಸದಾಗಿ ಮಾಡಿಸಿದರು. ೨೦೦೦ದ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ರಷ್ಯದ ಸೋಯುಜ್ ರಾಕೆಟ್ಟುಗಳು ಅವನ್ನು ಎರಡೆರಡಾಗಿ ಬೈಕನೂರಿನಿಂದ ಏರಿಸಿದವು. ಎರಡು ವರ್ಷಗಳ ಕೆಲಸಕ್ಕೆಂದು ಹೋದ ಆ ನಾಲ್ಕು ಉಪಗ್ರಹಗಳು ೨೦೨೪ರ ಸೆಪ್ಟೆಂಬರಿನ ತನಕ ಕಾಂತವಲಯದ ಸುದ್ದಿಯನ್ನು ಕಳಿಸುತ್ತಿದ್ದವು.