ಗುಂಪಿಗೆ ಗಾಡಿ: ದೊಡ್ಡದು ಒಂದೋ, ಸಣ್ಣದು ಎರಡೋ?

ಈಗ ಊರೂರಲ್ಲಿ ರೈತರ ಗುಂಪು, ಉತ್ಪಾದಕರ ಕಂಪನಿ ಹುಟ್ಟಿಕೊಂಡಿವೆ. ಗುಂಪು ಕಟ್ಟಿ ಆರು ತಿಂಗಳಾಗುವುದರೊಳಗೆ ಮೀಟಿಂಗಿನಲ್ಲಿ ಏಳುವ ಮಾತು, 'ನಮ್ಮದೇ ಒಂದು ಗಾಡಿ ಬೇಕು.' ತಪ್ಪಲ್ಲ. ಆದರೆ ಚರ್ಚೆ ನೇರ ಶೋರೂಮಿಗೆ ಹಾರುತ್ತದೆ. ಯಾವ ಕಂಪನಿಯದ್ದು, ಎಷ್ಟು ಟನ್, ಸಬ್ಸಿಡಿ ಉಂಟಾ? ನಮ್ಮ ಸಾಮಾನು ಎಂಥದ್ದು, ದಾರಿ ಎಂಥದ್ದು ಎಂದು ಕೇಳುವವರು ಕಡಿಮೆ.

ಕೃಷಿಕರ ಹೊರೆಯಲ್ಲಿ ಎರಡು ಜಾತಿ. ಒಂದು ತೂಕದ್ದು, ಇನ್ನೊಂದು ಜಾಗ ತಿನ್ನುವುದು. ಬೈಹುಲ್ಲು, ತರಗೆಲೆ, ಸೊಪ್ಪು ತರಕಾರಿ ಗಾಡಿ ತುಂಬಿದರೂ ತೂಕ ಬರುವುದಿಲ್ಲ. ಇದಕ್ಕೆ ಉದ್ದದ ಡೆಕ್ ಬೇಕು, ಟನ್ ಬೇಡ. ಗೊಬ್ಬರ, ಚಾಲಿ ಅಡಿಕೆ, ಸುಲಿದ ತೆಂಗಿನಕಾಯಿ ಹಾಗಲ್ಲ. ಸ್ಲರಿಯ ವಿಷಯದಲ್ಲಂತೂ ಹಲವರು ಲೆಕ್ಕವೇ ಹಾಕುವುದಿಲ್ಲ. 1,000 ಲೀಟರಿನ ಟ್ಯಾಂಕು ತುಂಬಿದರೆ ಒಂದು ಟನ್ ಆಯಿತು, ಟ್ಯಾಂಕಿನ ತೂಕ ಬೇರೆ. ಅದನ್ನು 750 ಕಿಲೋ ಹೊರುವ ಗಾಡಿಗೆ ಏರಿಸಿ 'ಎಂಜಿನ್ ಎಳೆಯುತ್ತದೆ ಮಾರಾಯ್ರೆ' ಎನ್ನುತ್ತೇವೆ. ಎಂಜಿನ್ ಎಳೆದೀತು. ಇಳಿಜಾರಿನಲ್ಲಿ ನಿಲ್ಲಿಸಬೇಕಾದದ್ದು ಬ್ರೇಕ್. ಅರ್ಧ ತುಂಬಿದ ಟ್ಯಾಂಕು ತಿರುವಿನಲ್ಲಿ ಇನ್ನೂ ಅಪಾಯ. ಒಳಗಿನ ನೀರು ವಾಲಿದ ಕಡೆಗೆ ಗಾಡಿಯೂ ವಾಲುತ್ತದೆ.

ಆರ್.ಸಿ.ಯಲ್ಲಿ ಖಾಲಿ ತೂಕ, ಒಟ್ಟು ತೂಕ ಎಂದು ಎರಡು ಅಂಕಿ ಇರುತ್ತವೆ. ಕಳೆದು ನೋಡಿ. ಡ್ರೈವರು, ಆಮೇಲೆ ಕಟ್ಟಿಸಿದ ಕಬ್ಬಿಣದ ಗ್ರಿಲ್ಲು ಎಲ್ಲ ಅದರೊಳಗೇ ಬರಬೇಕು. 2019ರ ತಿದ್ದುಪಡಿಯಂತೆ ಓವರ್‌ಲೋಡಿಗೆ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000.

ನನ್ನ ಅಭಿಪ್ರಾಯ ಇಷ್ಟು. ಗುಡ್ಡದ ಏರು, ಕಿರಿದಾದ ಸಂಕ, ಮಣ್ಣಿನ ರಸ್ತೆ ಇರುವಲ್ಲಿ ಸಣ್ಣ ಗಾಡಿಯಿಂದಲೇ ಶುರು ಮಾಡಬೇಕು. ವರ್ಷದಲ್ಲಿ ಹತ್ತು ದಿನ ಬರುವ ದೊಡ್ಡ ಲೋಡಿಗಾಗಿ ದೊಡ್ಡ ಪಿಕಪ್ ಕೊಂಡರೆ ಉಳಿದ ದಿನ ಅದು ಅರ್ಧ ಖಾಲಿ ಓಡುತ್ತದೆ. ಆ ಹತ್ತು ದಿನಕ್ಕೆ ಬಾಡಿಗೆ ಲಾರಿ ಕರೆಯಿರಿ.

ಒಂದು ಲೆಕ್ಕ ಹಿಡಿಯೋಣ. ತಿಂಗಳಿಗೆ ಸಾಲದ ಕಂತು 12,000, ಡ್ರೈವರಿಗೆ 15,000, ವಿಮೆ-ಟೈರು-ರಿಪೇರಿಗೆ 4,000. ಒಟ್ಟು 31,000. ಗಾಡಿ 20 ದಿನ ಓಡಿದರೆ ದಿನಕ್ಕೆ 1,550 ಬಿತ್ತು. ಹತ್ತೇ ದಿನ ಓಡಿದರೆ 3,100. ಡೀಸೆಲ್ ಇನ್ನೂ ಸೇರಿಸಿಲ್ಲ! ಆದ್ದರಿಂದ ಮೊದಲ ಗಾಡಿ ತಿಂಗಳಿಗೆ 20 ದಿನ ಓಡುವವರೆಗೆ ಎರಡನೆಯದರ ಮಾತೇ ಬೇಡ. ಕೊಳ್ಳುವಾಗ ಅದೇ ಕಂಪನಿಯ ಅದೇ ಮಾಡೆಲ್ ಇರಲಿ. ಒಂದೇ ಸ್ಟೆಪ್ನಿ, ಒಂದೇ ಫಿಲ್ಟರು, ಒಬ್ಬನೇ ಮೆಕ್ಯಾನಿಕ್ಕು ಸಾಕು. ಒಂದು ಗ್ಯಾರೇಜಿನಲ್ಲಿದ್ದರೂ ಇನ್ನೊಂದು ಓಡುತ್ತದೆ. ಕೊಯ್ದ ತರಕಾರಿ ಸ್ಪೇರ್ ಪಾರ್ಟ್ ಬರುವವರೆಗೆ ಕಾಯುವುದಿಲ್ಲ.

ಎರಡು ಗಾಡಿಗೆ ಎರಡು ಡ್ರೈವರು ಬೇಕಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಕಾರಿನ ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕಿಲೋ ಒಳಗಿನ ಸರಕು ಗಾಡಿಯನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಸ್ಪಷ್ಟ ಮಾಡಿದೆ. ಸದಸ್ಯರೇ ಪಾಳಿ ಮಾಡಿಕೊಳ್ಳಬಹುದು. ದಿನಾ ತುಂಬಿದ ಲೋಡ್, ಡಾಮರು ರಸ್ತೆ, 60-70 ಕಿಲೋಮೀಟರ್ ದೂರದ ಮಾರುಕಟ್ಟೆ ಇರುವವರಿಗೆ ನನ್ನ ವಾದ ಅನ್ವಯಿಸುವುದಿಲ್ಲ. ಅವರು ದೊಡ್ಡ ಪಿಕಪ್ಪೇ ತೆಗೆದುಕೊಳ್ಳಲಿ.

ಕೆಲಸದವರನ್ನು ಹಿಂದೆ ಕೂರಿಸಿಕೊಂಡು ಹೋಗುವ ಅಭ್ಯಾಸ ಮಾತ್ರ ಯಾವ ಗಾಡಿಗೂ ಬೇಡ. ಸರಕು ಗಾಡಿ ಮಗುಚಿದರೆ ಡೆಕ್ಕಿನಲ್ಲಿದ್ದವರಿಗೆ ವಿಮೆ ಸಿಗುವುದು ಬಹಳ ಕಷ್ಟ. ಅವರ ಮನೆಯವರಿಗೆ ಉತ್ತರ ಹೇಳಬೇಕಾದವರು ನಾವು. ಬಾಡಿಗೆ ಪಡೆದು ಇತರರ ಸಾಮಾನು ಸಾಗಿಸುವುದಾದರೆ ಹಳದಿ ಬೋರ್ಡೇ ಬೇಕು, ಬಿಳಿ ಬೋರ್ಡಿನಲ್ಲಿ ಉಳಿತಾಯ ನೋಡಬೇಡಿ.

ಕರೆಂಟಿನ ಗಾಡಿಗಳೂ ಬಂದಿವೆ. ಪೇಟೆಯ ಸಮತಟ್ಟು ರಸ್ತೆಗೆ ಒಳ್ಳೆಯದೇ. ಲೋಡ್ ಹಾಕಿ ಗುಡ್ಡ ಹತ್ತಿಸಿದರೆ ಬ್ಯಾಟರಿ ಬೇಗ ಇಳಿಯುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಹೋಗುತ್ತದೆ.

ಕೊಳ್ಳುವ ಮೊದಲು ಮೂರು ತಿಂಗಳು ಒಂದು ಪುಸ್ತಕ ಇಡಿ. ಯಾವ ದಿನ, ಯಾರ ಮನೆಯಿಂದ, ಏನು, ಎಷ್ಟು ಕಿಲೋ, ಕೊಟ್ಟ ಬಾಡಿಗೆ ಎಷ್ಟು. ಆಮೇಲೆ ಡೀಲರನ ಡೆಮೊ ಗಾಡಿಯನ್ನು ಊರಿಗೇ ತರಿಸಿ, ಗೊಬ್ಬರದ ಚೀಲ ಪೂರ್ತಿ ಹೇರಿ, ಅತ್ಯಂತ ಕೆಟ್ಟ ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಿ. ಸಾಧ್ಯವಾದರೆ ಆಷಾಢದಲ್ಲಿ.