ಮಂಗಳ ಗ್ರಹಕ್ಕೆ ಕರೆದು ಕಾಫಿ ಮಾಡಿಸಿದ್ದು

ಎರಡು ವರ್ಷದ ಹಿಂದೆ ಒಂದು ಭಾನುವಾರ ಮಧ್ಯಾಹ್ನ ನಾನು ನನ್ನ ಚಿಕ್ಕಪ್ಪನ ಮಗಳನ್ನು ಆಟದಿಂದ ಓಡಿಸಿದೆ. ಬೈದು ಓಡಿಸಲಿಲ್ಲ. ಬಹಳ ಪ್ರೀತಿಯಿಂದ, ನನ್ನ ಕಪಾಟಿನಲ್ಲಿದ್ದ ಅತ್ಯುತ್ತಮ ಆಟವನ್ನು ಅವಳ ಮುಂದೆ ಹರಡಿ ಓಡಿಸಿದೆ.

ಮೈಸೂರಿನ ನಮ್ಮ ಮನೆಯಲ್ಲಿ ತಿಂಗಳಿಗೆರಡು ಭಾನುವಾರ ಐದಾರು ಜನ ಸೇರಿ ಬೋರ್ಡ್ ಗೇಮ್ ಆಡುತ್ತೇವೆ. ಅವಳು ಆಗ ಇಲ್ಲಿ ಕನ್ನಡ ಎಂ.ಎ. ಓದುತ್ತಿದ್ದಳು. ಊರಲ್ಲಿ ಚೌಕಾಬಾರಕ್ಕೆ ಕೂತರೆ ಅವಳನ್ನು ಸೋಲಿಸಿದವರು ಕಡಿಮೆ. ಕವಡೆ ಕೈಯಲ್ಲಿದ್ದಾಗಲೇ ಯಾವ ಗರ ಬಿದ್ದರೆ ಯಾವ ಕಾಯಿ ನಡೆಸಬೇಕು, ಯಾರದನ್ನು ಹೊಡೆಯಬೇಕು ಎಂದು ಲೆಕ್ಕ ಹಾಕಿಟ್ಟಿರುವವಳು. ಇಂಥವಳಿಗೆ ನಮ್ಮ ಆಟಗಳು ಹಿಡಿಸದೆ ಇರುತ್ತವೆಯೇ ಎಂದುಕೊಂಡು ಟೆರಾಫಾರ್ಮಿಂಗ್ ಮಾರ್ಸ್ ತೆಗೆದೆ. ಮಂಗಳ ಗ್ರಹದಲ್ಲಿ ಶಾಖ, ಆಮ್ಲಜನಕ, ಸಮುದ್ರ ಹೆಚ್ಚಿಸಿ ಅದನ್ನು ವಾಸಯೋಗ್ಯ ಮಾಡುವ ಆಟ. ಇನ್ನೂರಕ್ಕೂ ಹೆಚ್ಚು ಕಾರ್ಡುಗಳು, ಒಂದರಂತೆ ಇನ್ನೊಂದಿಲ್ಲ, ಪ್ರತಿಯೊಂದರ ಮೇಲೂ ಸಣ್ಣಕ್ಷರದ ಇಂಗ್ಲಿಷು. ಆಟ ಶುರುವಾಗುವ ಮೊದಲೇ ಹತ್ತು ಕಾರ್ಡು ಕೈಗೆ ಕೊಟ್ಟು, ಇದರಲ್ಲಿ ಯಾವುದನ್ನು ದುಡ್ಡು ಕೊಟ್ಟು ಇಟ್ಟುಕೊಳ್ಳುತ್ತೀಯ ಹೇಳು ಎನ್ನುತ್ತೇವೆ. ಹೊಸಬರಿಗೆ ಈ ಆಯ್ಕೆಯ ಕಷ್ಟವೇ ಬೇಡವೆಂದು ಆಟ ಮಾಡಿದವರೇ ಒಂದು ಬೇರೆ ಕಂಪನಿ ಕಾರ್ಡು ಇಟ್ಟಿದ್ದಾರೆ. ಅದನ್ನು ತೆಗೆದುಕೊಂಡವರಿಗೆ ಹತ್ತೂ ಕಾರ್ಡು ಪುಕ್ಕಟೆ. ನಾನು ಅದನ್ನೂ ಕೊಡಲಿಲ್ಲ. "ಅದರಲ್ಲಿ ಮಜಾ ಇರಲ್ಲ" ಎಂದೆ. ಯಾರಿಗೆ ಮಜಾ ಇರಲ್ಲ ಎಂದು ಯಾರೂ ಕೇಳಲಿಲ್ಲ.

ನಿಯಮ ಹೇಳಲು ನಲವತ್ತು ನಿಮಿಷ. ಆಮೇಲೆ ಒಂದೂವರೆ ಗಂಟೆ ಅವಳು ಆಡಿದಳು ಎನ್ನುವುದಕ್ಕಿಂತ ನಾವು ಅವಳ ಕೈಯಿಂದ ಆಡಿಸಿದೆವು. "ಅದು ಬೇಡ, ಇದು ಹಾಕು." "ಅಯ್ಯೋ, ಅದನ್ನ ಹೋದ ಸುತ್ತಲ್ಲೇ ಹಾಕಬೇಕಿತ್ತು." ಕೊನೆಗೆ ಎದ್ದು ನಿಂತು, "ಅಣ್ಣ, ನೀವು ಆಡ್ತಿರಿ, ನಾನು ಎಲ್ರಿಗೂ ಕಾಫಿ ಮಾಡ್ಕೊಂಡ್ ಬರ್ತೀನಿ" ಎಂದಳು. ಕಾಫಿ ಬಂತು. ಅವಳು ಮೇಜಿಗೆ ವಾಪಸು ಬರಲಿಲ್ಲ. ಅಡುಗೆಮನೆಯಲ್ಲಿ ನನ್ನ ಹೆಂಡತಿಯ ಜೊತೆ ನಗುತ್ತಿದ್ದದ್ದು ಕೇಳಿಸುತ್ತಿತ್ತು. ನಾವು ನಾಲ್ವರು ಅವಳ ಕಾರ್ಡುಗಳನ್ನು ಡೆಕ್ಕಿಗೆ ಸೇರಿಸಿ ಆಟ ಮುಂದುವರಿಸಿದೆವು. ಯಾರು ಗೆದ್ದರೋ ನೆನಪಿಲ್ಲ.

ಇದನ್ನು ಬರೆಯಲು ಕಾರಣ, ಇದು ನನ್ನೊಬ್ಬನ ಕತೆಯಲ್ಲ. ಬೆಂಗಳೂರಿನ ಆಟದ ಕೆಫೆಗಳಲ್ಲಿ, ಗೆಳೆಯರ ಮನೆಗಳಲ್ಲಿ, ಹಾಸ್ಟೆಲಿನ ಕೋಣೆಗಳಲ್ಲಿ ಇದೇ ದೃಶ್ಯವನ್ನು ಎಷ್ಟೋ ಸಲ ನೋಡಿದ್ದೇನೆ. ಹಳಬರು ತಮಗೆ ಈಗ ಯಾವುದು ಇಷ್ಟವೋ ಅದನ್ನೇ ಹೊಸಬರ ಮುಂದಿಡುತ್ತಾರೆ. ಹತ್ತು ವರ್ಷದ ಹಿಂದೆ ತಮಗೆ ಯಾವುದು ಹಿಡಿಸಿತ್ತು ಎಂಬುದು ಅವರಿಗೆ ನೆನಪೇ ಇರುವುದಿಲ್ಲ. ನಮ್ಮ ಸಾಹಿತ್ಯದ ಹಿರಿಯರದೂ ಇದೇ ಕಾಯಿಲೆ. ಕಾದಂಬರಿ ಓದಬೇಕು ಅಂದುಕೊಂಡಿದ್ದೇನೆ, ಯಾವುದರಿಂದ ಶುರು ಮಾಡಲಿ ಎಂದು ಹುಡುಗನೊಬ್ಬ ಕೇಳಿದರೆ, ತಾವು ಮೂರನೇ ಸಲ ಓದಿದಾಗಷ್ಟೇ ಅರ್ಥವಾದ ಪುಸ್ತಕದ ಹೆಸರು ಹೇಳುತ್ತಾರೆ. ಅದರಲ್ಲಿ ಹುಡುಗನ ಮೇಲಿನ ಪ್ರೀತಿಗಿಂತ ತಮ್ಮ ಓದಿನ ಮೇಲಿನ ಪ್ರೀತಿ ಹೆಚ್ಚು.

ಹಳಬರ ಸಮರ್ಥನೆ ಗೊತ್ತಿದೆ: "ಒಳ್ಳೆಯ ಆಟ ಒಳ್ಳೆಯ ಆಟವೇ." ಅದಕ್ಕೆ ಆಧಾರವಾಗಿ ಬೋರ್ಡ್‌ಗೇಮ್‌ಗೀಕ್ ಪಟ್ಟಿ ತೋರಿಸುತ್ತಾರೆ. ಆ ಪಟ್ಟಿಯ ತುದಿಯಲ್ಲಿ ಬ್ರಾಸ್: ಬರ್ಮಿಂಗ್‌ಹ್ಯಾಮ್, ಗ್ಲೂಮ್‌ಹೇವನ್‌ನಂಥ ಘನ ಆಟಗಳಿರುತ್ತವೆ. ಇರದೆ ಇನ್ನೇನು? ಅಲ್ಲಿ ಅಂಕ ಕೊಡುವವರು ಈಗಾಗಲೇ ಈ ಹುಚ್ಚು ಹತ್ತಿದವರು. ಕಾಫಿ ಮಾಡಲು ಎದ್ದು ಹೋದವರು ಅಲ್ಲಿಗೆ ಬಂದು ಅಂಕ ಹಾಕುವುದಿಲ್ಲ. ಜರ್ಮನಿಯಲ್ಲಿ 1979ರಿಂದ ಕೊಡುತ್ತಿರುವ 'ವರ್ಷದ ಆಟ' ಪ್ರಶಸ್ತಿ, ಶ್ಪೀಲ್ ಡೆಸ್ ಯಾರೆಸ್, ಇದಕ್ಕಿಂತ ವಿವೇಕದ್ದು. ಅದು ಮನೆಮಂದಿ ಒಟ್ಟಿಗೆ ಕೂತು ಆಡುವ ಆಟಕ್ಕೆ. 2011ರಿಂದ ಪಳಗಿದವರ ಆಟಗಳಿಗೆಂದು ಕೆನ್ನರ್‌ಶ್ಪೀಲ್ ಎಂಬ ಬೇರೆಯೇ ಪ್ರಶಸ್ತಿ ಇಟ್ಟರು. 2017ರಲ್ಲಿ ಟೆರಾಫಾರ್ಮಿಂಗ್ ಮಾರ್ಸ್ ನಾಮನಿರ್ದೇಶನಗೊಂಡದ್ದು ಈ ಎರಡನೆಯದಕ್ಕೆ. ಅಂದರೆ ತೀರ್ಪುಗಾರರು ನನಗೆ ಮೊದಲೇ ಹೇಳಿಟ್ಟಿದ್ದರು. ನನಗೆ ಕೇಳಿಸಿರಲಿಲ್ಲ.

ಹಾಗಾದರೆ ಕಟಾನ್ ಇದೆಯಲ್ಲ ಎನ್ನುತ್ತೀರಿ. 1995ರಲ್ಲಿ ಕ್ಲೌಸ್ ಟಾಯ್ಬರ್ ಮಾಡಿದ ಆಟ, ಅದೇ ವರ್ಷ ಆ ಪ್ರಶಸ್ತಿಯೂ ಬಂತು, ಲೋಕವೆಲ್ಲ ಅದರಿಂದಲೇ ಶುರು ಮಾಡುತ್ತದೆ. ಇಲ್ಲಿ ನನ್ನ ತಕರಾರು ಜನಪ್ರಿಯವಲ್ಲವೆಂದು ಗೊತ್ತು, ಆದರೂ ಹೇಳುತ್ತೇನೆ: ಕಟಾನ್ ಹೊಸಬರ ಆಟವಲ್ಲ. ಅದರಲ್ಲಿ ಅತಿ ಮುಖ್ಯವಾದ ತೀರ್ಮಾನ, ಮೊದಲ ಎರಡು ಮನೆಗಳನ್ನು ಎಲ್ಲಿ ಕಟ್ಟುವುದು ಎಂಬುದು, ಆಟ ಇನ್ನೂ ಅರ್ಥವಾಗದಿರುವ ಮೊದಲ ಐದು ನಿಮಿಷದಲ್ಲೇ ಆಗಿಹೋಗುತ್ತದೆ. ಅಲ್ಲಿ ಎಡವಿದರೆ ಒಂದೂವರೆ ಗಂಟೆ ದಾಳ ಉರುಳುವುದನ್ನೂ ಬೇರೆಯವರ ಕೈಗೆ ಇಟ್ಟಿಗೆ, ಕುರಿ ಸೇರುವುದನ್ನೂ ನೋಡುತ್ತಾ ಕೂರಬೇಕು. ಹೊಸಬರಿಗೆ ಸೋಲಲು ಏನೂ ಅಡ್ಡಿಯಿಲ್ಲ. ಏನೂ ಮಾಡಲಾಗದೆ ಕೂರುವುದೇ ಅವರನ್ನು ಕೊಲ್ಲುವುದು.

ಇನ್ನು "ಎಲ್ಲರಿಗೂ ಗೊತ್ತಿರುವ" ವ್ಯಾಪಾರದ ಆಟ, ಮೊನಾಪಲಿಯ ವಂಶದ್ದು. ಅದರ ಮೂಲ ಲಿಜ್ಜಿ ಮೇಗಿ ಎಂಬಾಕೆ 1904ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ 'ದ ಲ್ಯಾಂಡ್‌ಲಾರ್ಡ್ಸ್ ಗೇಮ್'. ನೆಲವೆಲ್ಲ ಕೆಲವರ ಕೈಸೇರಿದರೆ ಉಳಿದವರ ಗತಿ ಏನಾಗುತ್ತದೆಂದು ತೋರಿಸಲು ಮಾಡಿದ್ದು. ಇವತ್ತಿಗೂ ಅದು ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದೆ: ದಿವಾಳಿಯಾದವನು ಎದ್ದು ಹೋಗುತ್ತಾನೆ, ಇಬ್ಬರು ಮಾತ್ರ ಇನ್ನೂ ಒಂದು ಗಂಟೆ ಆಡುತ್ತಾರೆ. ಪಾಠವಾಗಿ ಸರಿ. ಮನೆಗೆ ಬಂದ ಅತಿಥಿಗೆ ಕೊಡುವಂಥದ್ದಲ್ಲ.

ನಮ್ಮದೇ ಆಟಗಳಿರುವಾಗ ಇವೆಲ್ಲ ಯಾಕೆ ಎನ್ನುವ ಇನ್ನೊಂದು ಪಂಗಡವಿದೆ. ಈ ವಾದವೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಚೌಕಾಬಾರ ಸರಿ, ಕವಡೆಗೆ ಹಳಬ ಹೊಸಬ ಎಂಬ ಭೇದವಿಲ್ಲ, ಮೊದಲ ದಿನವೇ ಕಾಯಿ ಹಣ್ಣು ಮಾಡಿಕೊಳ್ಳಬಹುದು. ಆದರೆ ಅಳಗುಳಿಮಣೆ? ಏಳೇಳರ ಎರಡು ಸಾಲು ಗುಳಿ, ಒಂದು ಹಿಡಿ ಹುಣಸೆಬೀಜ, ನಿಯಮ ಎರಡು ನಿಮಿಷದ್ದು. ಆದರೆ ಅದೃಷ್ಟಕ್ಕೆ ಅಲ್ಲಿ ಜಾಗವೇ ಇಲ್ಲ, ಎಲ್ಲವೂ ಕಣ್ಣೆದುರಿಗೆ ಇದೆ. ಎಣಿಸಬಲ್ಲ ಅಜ್ಜಿ ಎಣಿಸಲಾರದ ಮೊಮ್ಮಗಳನ್ನು ಹತ್ತು ಆಟದಲ್ಲಿ ಹತ್ತೂ ಸಲ ಬರಿಗೈ ಮಾಡಿ ಕಳಿಸುತ್ತಾಳೆ. ತುಳುನಾಡಿನಲ್ಲಿ ಇದೇ ಚೆನ್ನೆಮಣೆ. ಸಿರಿ ಪಾಡ್ದನದಲ್ಲಿ ಅಬ್ಬಗ-ದಾರಗ ಎಂಬ ಅವಳಿ ಅಕ್ಕತಂಗಿಯರು ಚೆನ್ನೆ ಆಡುತ್ತಾ ಮಾತಿಗೆ ಮಾತು ಬೆಳೆದು, ಒಬ್ಬಳು ಮಣೆಯಿಂದಲೇ ಇನ್ನೊಬ್ಬಳನ್ನು ಹೊಡೆದು ಕೊಲ್ಲುತ್ತಾಳೆ, ಆಮೇಲೆ ತಾನೂ ಬಾವಿಗೆ ಹಾರುತ್ತಾಳೆ. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದೆಂಬ ನಂಬಿಕೆ ಆ ಕಡೆ ಇದೆ. ಮಣೆಯ ಮುಂದೆ ಆಗುವ ಅವಮಾನ ಎಂಥದ್ದೆಂದು ಆ ಪಾಡ್ದನ ಕಟ್ಟಿದವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಹಳೆಯದು, ನಮ್ಮದು ಎಂಬ ಕಾರಣಕ್ಕೇ ಒಂದು ಆಟ ಹೊಸಬರನ್ನು ಬರಮಾಡಿಕೊಳ್ಳುವುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೆಯಲ್ಲಿ ಕೂತು ರೂಪಿಸಿದ ಗಂಜೀಫ ಆಟಗಳನ್ನು, ಚದುರಂಗದ ಕುದುರೆ ನಡೆಯ ಬಂಧಗಳನ್ನು ನೋಡಿದರೆ ಕೈ ಮುಗಿಯಬೇಕೆನಿಸುತ್ತದೆ. ಆಡೋಣ ಬಾ ಎಂದು ಪಕ್ಕದ ಮನೆಯವರನ್ನು ಕರೆಯಲು ಮಾತ್ರ ಧೈರ್ಯ ಬರುವುದಿಲ್ಲ.

ಹಾಗಾದರೆ ಏನು ನೋಡಿ ಆರಿಸಬೇಕು? ನಾನು ಈಗ ನೋಡುವುದು ಮುಖ್ಯವಾಗಿ ಒಂದನ್ನೇ: ಕೂತ ಐದು ನಿಮಿಷದಲ್ಲಿ ಹೊಸಬರು ಯಾರನ್ನೂ ಕೇಳದೆ, ತಾವೇ ಯೋಚಿಸಿ ಒಂದು ನಡೆ ಇಡಬಲ್ಲರೇ? ಟಿಕೆಟ್ ಟು ರೈಡ್‌ನಲ್ಲಿ ಇಡಬಲ್ಲರು. ನಿಮ್ಮ ಸರದಿಯಲ್ಲಿ ಬಣ್ಣದ ಕಾರ್ಡು ತೆಗೆಯಿರಿ, ಇಲ್ಲ ಹಳಿಯ ಮೇಲೆ ಡಬ್ಬಿ ಇಡಿ, ಇಲ್ಲ ಹೊಸ ಟಿಕೆಟ್ ತೆಗೆಯಿರಿ, ಮುಗಿಯಿತು. ಓದಬೇಕಾದ್ದು ಊರ ಹೆಸರುಗಳಷ್ಟೇ. ಕಾರ್ಕಸೋನ್‌ನಲ್ಲಿ ಒಂದು ಬಿಲ್ಲೆ ತೆಗೆದು ರಸ್ತೆಗೆ ರಸ್ತೆ, ಕೋಟೆಗೆ ಕೋಟೆ ಸೇರುವಂತೆ ಇಡುವುದು. ಹೊಲಗಳ ಲೆಕ್ಕ ಸ್ವಲ್ಪ ತಲೆತಿನ್ನುತ್ತದೆ, ಮೊದಲ ಆಟದಲ್ಲಿ ಅದನ್ನು ಬಿಟ್ಟರೆ ಯಾವ ಕೋಟೆಯೂ ಕುಸಿಯುವುದಿಲ್ಲ. ಎಲ್ಲರೂ ಒಂದೇ ಪಕ್ಷವಾಗಿ ರೋಗಗಳ ವಿರುದ್ಧ ಆಡುವ ಪ್ಯಾಂಡೆಮಿಕ್ ಸೌಮ್ಯವೆಂದು ಹೇಳುತ್ತಾರೆ. ನನ್ನಂಥ ಒಬ್ಬ ಮೇಜಿನಲ್ಲಿದ್ದರೆ ಅಲ್ಲ, ಎಲ್ಲರ ನಡೆಯನ್ನೂ ಅವನೇ ಹೇಳುತ್ತಿರುತ್ತಾನೆ. ಅಂಥವನ ಬಾಯಿಗೆ ಬೀಗ ಹಾಕಲೆಂದೇ ಹುಟ್ಟಿದಂತಿದೆ ಹನಾಬಿ: ನಿಮ್ಮ ಕಾರ್ಡು ನಿಮಗೆ ಬಿಟ್ಟು ಉಳಿದವರಿಗೆಲ್ಲ ಕಾಣುತ್ತದೆ, ಸುಳಿವು ಕೊಡುವುದಕ್ಕೂ ಲೆಕ್ಕವಿದೆ.

ಮತ್ತು ದಯವಿಟ್ಟು, ಕಲಿಸುವಾಗ "ಇದು ತುಂಬಾ ಸುಲಭ" ಎನ್ನಬೇಡಿ. ಸುಲಭ ಎಂದ ಮೇಲೆ ಅರ್ಥವಾಗದಿದ್ದರೆ ತಪ್ಪು ಕೇಳಿಸಿಕೊಂಡವರ ಹೆಗಲಿಗೆ ಹೋಗುತ್ತದೆ, ಅವರು ಎರಡನೇ ಸಲ ಕೇಳುವುದೂ ಇಲ್ಲ.

ಸಾಹಿತ್ಯದ ಹುಚ್ಚಿರುವವರಿಗೆ ನಾನು ಕೈಹಿಡಿದು ತೋರಿಸುವುದು ಡಿಕ್ಸಿಟ್. ಕಾರ್ಡುಗಳ ಮೇಲೆ ಅಕ್ಷರವೇ ಇಲ್ಲ, ಕನಸಿನಂಥ ಚಿತ್ರಗಳು. ನಿಮ್ಮ ಕೈಯಲ್ಲಿರುವ ಒಂದು ಚಿತ್ರಕ್ಕೆ ಒಂದು ಮಾತು ಹೇಳಿ ಬೋರಲು ಹಾಕುತ್ತೀರಿ. ಆ ಮಾತಿಗೆ ಹೊಂದುವ ತಮ್ಮ ತಮ್ಮ ಚಿತ್ರಗಳನ್ನು ಉಳಿದವರೂ ಹಾಕುತ್ತಾರೆ. ಎಲ್ಲ ಬೆರೆಸಿ ತೆರೆದಾಗ ನಿಮ್ಮದು ಯಾವುದೆಂದು ಊಹಿಸಬೇಕು. ಎಲ್ಲರೂ ಊಹಿಸಿದರೆ ನಿಮಗೆ ಸೊನ್ನೆ. ಯಾರೂ ಊಹಿಸದಿದ್ದರೂ ಸೊನ್ನೆ. ಕೆಲವರಿಗಷ್ಟೇ ಹೊಳೆದರೆ ಅಂಕ. ಆನಂದವರ್ಧನನ ಧ್ವನಿಯ ಬಗ್ಗೆ ತರಗತಿಯಲ್ಲಿ ಒಂದು ವರ್ಷ ಕೇಳಿಯೂ ತಲೆಗೆ ಹತ್ತದ್ದು ಈ ಅಂಕದ ನಿಯಮದಲ್ಲಿ ಅರ್ಧ ಗಂಟೆಗೆ ಹತ್ತಿತು ಎಂದು ನನಗೆ ಹೇಳಿದವಳು ಬೇರೆ ಯಾರೂ ಅಲ್ಲ, ಅವಳೇ. ಹೌದು, ಅವಳು ವಾಪಸು ಬಂದಳು. ನಾನು ಕರೆದೆನೆಂದಲ್ಲ, ನನ್ನ ಹೆಂಡತಿ ಕರೆದಳೆಂದು, ಅದೂ ಎಂಟು ತಿಂಗಳ ಮೇಲೆ.

ಆಮೇಲೆ ನಾವು ಕೋಡ್‌ನೇಮ್ಸ್ ಆಟವನ್ನು ಕನ್ನಡದಲ್ಲಿ ಮಾಡಿಕೊಂಡೆವು. ಇಪ್ಪತ್ತೈದು ಪದ ಮೇಜಿನ ಮೇಲೆ, ಎರಡು ತಂಡ, ನಾಯಕ ಒಂದು ಪದ ಮತ್ತು ಒಂದು ಸಂಖ್ಯೆ ಹೇಳಿ ತನ್ನವರಿಂದ ಸರಿಯಾದ ಪದಗಳನ್ನು ಮುಟ್ಟಿಸಬೇಕು. ಅಂಗಡಿಯ ಪೆಟ್ಟಿಗೆಗೆ ಬದಲು ಮನೆಯಲ್ಲಿದ್ದ ಹಳೆಯ ಮದುವೆ ಕರೆಯೋಲೆಗಳನ್ನು ಕತ್ತರಿಸಿ ಇನ್ನೂರು ಚೀಟಿ ಮಾಡಿದೆವು, ಖರ್ಚು ಒಂದು ಸ್ಕೆಚ್ ಪೆನ್ನು. ಕನ್ನಡ ಈ ಆಟಕ್ಕೆಂದೇ ಹುಟ್ಟಿದ ಭಾಷೆ. 'ನೆರೆ' ಎಂದರೆ ಪ್ರವಾಹವೂ ಹೌದು, ಪಕ್ಕದ ಮನೆಯೂ ಹೌದು. 'ಕರಿ' ಬಣ್ಣವೂ ಹೌದು, ಆನೆಯೂ ಹೌದು, ಬಾಣಲೆಯ ಕೆಲಸವೂ ಹೌದು. 'ಅಡಿ' ಪಾದ, ಅಳತೆ, ಕೆಳಗೆ. ಮೊದಲ ಸಂಜೆಯೇ ಅವಳು "ಗದುಗು, ಮೂರು" ಎಂದಳು. ಅವಳ ತಂಡದಲ್ಲಿದ್ದ ನಮ್ಮ ಚಿಕ್ಕಮ್ಮ ಒಂದು ಕ್ಷಣವೂ ತಡೆಯದೆ 'ಭಾರತ' ಮುಟ್ಟಿದರು, 'ಕಂಬ' ಮುಟ್ಟಿದರು, ಆಮೇಲೆ 'ಬಟ್ಟೆ' ಮುಟ್ಟಿದರು. ಕುಮಾರವ್ಯಾಸ ವೀರನಾರಾಯಣನ ಗುಡಿಯ ಕಂಬಕ್ಕೊರಗಿ, ಮೈಮೇಲಿನ ಒದ್ದೆ ಬಟ್ಟೆ ಆರುವವರೆಗೆ ಮಾತ್ರ ಪದ್ಯ ಹೇಳುತ್ತಿದ್ದನೆಂಬ ಐತಿಹ್ಯ ಗೊತ್ತಿದ್ದವರಿಗೆ ಅದು ಬಿಡಿಸಿದ ಬಾಳೆಹಣ್ಣು. ಎದುರು ತಂಡದ ನನ್ನ ಇಬ್ಬರು ಇಂಜಿನಿಯರ್ ಗೆಳೆಯರು, ಮಂಗಳ ಗ್ರಹದ ಇನ್ನೂರು ಕಾರ್ಡುಗಳನ್ನು ಬಾಯಿಪಾಠ ಬಲ್ಲವರು, ಮುಖ ಮುಖ ನೋಡಿಕೊಂಡರು. ನನಗೆ ಒಳಗೊಳಗೇ ಖುಷಿಯಾಯಿತು. ಒಂದು ವಾರವಾದ ಮೇಲಷ್ಟೇ ಹೊಳೆದದ್ದು: ಅವತ್ತು ಕಾಫಿ ಮಾಡಲು ಎದ್ದು ಹೋದವರು ಅವರಿಬ್ಬರಲ್ಲಿ ಒಬ್ಬರು. ಅವಮಾನ ಮೇಜಿನ ಆ ಬದಿಯಿಂದ ಈ ಬದಿಗೆ ಬಂದಿತ್ತು, ಅಷ್ಟೇ. ಚೀಟಿಗಳಲ್ಲಿ ನಾನು ತುಂಬಿದ್ದ ಪದಗಳೂ ಹಾಗೇ ಇದ್ದವು, ಷಟ್ಪದಿ, ರಗಳೆ, ಚಂಪೂ ಎಂದು, ನನ್ನ ಕಪಾಟಿನ ಇನ್ನೊಂದು ಅರೆ.

ಒಂದು ಆಕ್ಷೇಪಣೆಗೆ ಮಾತ್ರ ಉತ್ತರಿಸಬೇಕು, ಅದು ನ್ಯಾಯವಾದದ್ದು. ಸದಾ ಹೊಸಬರಿಗೆಂದು ಆಡುತ್ತಿದ್ದರೆ ನಮ್ಮ ಆಟ ಆಡುವುದು ಯಾವಾಗ, ತಿಂಗಳಿಗೆರಡೇ ಭಾನುವಾರ ಸಿಗುವುದು ಎಂದು ಗೆಳೆಯರು ಕೇಳುತ್ತಾರೆ. ಸರಿ, ಆಡೋಣ. ಆದರೆ ಆ ಭಾನುವಾರ ಹೊಸಬರನ್ನು ಕರೆಯಬೇಡಿ, ಕರೆದು ನೋಡುಗರನ್ನಾಗಿ ಮಾಡಬೇಡಿ. ಇನ್ನೂ ಒಂದು: ಹಗುರ ಆಟಗಳಿಗೆ 'ಹೆಬ್ಬಾಗಿಲು' ಎಂದು ಹೆಸರಿಟ್ಟು, ಅದನ್ನು ದಾಟಿ ನಮ್ಮ ಒಳಮನೆಗೆ ಬರದಿದ್ದವರು ಅರ್ಧಕ್ಕೆ ನಿಂತವರು ಎಂಬಂತೆ ಮಾತಾಡುವುದನ್ನು ಬಿಡಬೇಕು. ನಮ್ಮ ಚಿಕ್ಕಮ್ಮ ಟಿಕೆಟ್ ಟು ರೈಡ್ ಬಿಟ್ಟು ಬೇರೆ ಪೆಟ್ಟಿಗೆ ಮುಟ್ಟುವುದಿಲ್ಲ. ಇದುವರೆಗೆ ಮೂವತ್ತಕ್ಕೂ ಹೆಚ್ಚು ಸಲ ಆಡಿದ್ದಾರೆ, ನನ್ನನ್ನು ಸೋಲಿಸಿದ್ದನ್ನು ಲೆಕ್ಕ ಇಟ್ಟಿದ್ದಾರೆ. ಅವರು ಇನ್ನೆಲ್ಲಿಗೆ ಬರಬೇಕು?

ತಂಗಿಗೆ ಓದು ಮುಗಿದು ಈಗ ಹಾಸನದಲ್ಲಿ ಕೆಲಸ. ಹೋಗುವಾಗ ಚೀಟಿಗಳ ಶೂ ಡಬ್ಬ ತೆಗೆದುಕೊಂಡು ಹೋದಳು, ಪಿ.ಜಿ.ಯಲ್ಲಿ ಜೊತೆಗಿರುವವರಿಗೆ ಆಡಿಸಲು. ಹೋದ ವಾರ ಫೋನ್ ಮಾಡಿದ್ದಳು. "ಅಣ್ಣ, ಬೇಜಾರ್ ಮಾಡ್ಕೋಬೇಡಿ, ನಿಮ್ಮ ನಲವತ್ತು ಚೀಟಿ ತೆಗೆದುಹಾಕಿದೀನಿ. ಇಲ್ಲಿ ಯಾರಿಗೂ ಚಂಪೂ ಗೊತ್ತಿಲ್ಲ. ಅದರ ಬದಲು ರೀಚಾರ್ಜ್, ಕೆಂಪು ಬಸ್ಸು, ಮುದ್ದೆ, ಹಿಂಗೆಲ್ಲ ಬರೆದಿದೀವಿ." ಮಂಗಳ ಗ್ರಹ ಬೀರುವಿನ ಮೇಲಿದೆ. ಈ ಭಾನುವಾರ ನಾವು ನಾಲ್ವರೇ, ಕೆಳಗಿಳಿಸುತ್ತೇವೆ.